ಒಲೆ ಆರಿಸಿ ಅಂದವನು ನಾನೇ

ಹೋದ ತಿಂಗಳು ಶಿವಮೊಗ್ಗದಲ್ಲೇ ಒಂದು ಬಾಡಿಗೆ ಮನೆಯಿಂದ ಇನ್ನೊಂದಕ್ಕೆ ಸಾಮಾನು ಸಾಗಿಸಿದೆ. ಸಜ್ಜಾ ಮೇಲಿದ್ದ ರಟ್ಟಿನ ಡಬ್ಬ ಇಳಿಸಿದರೆ ಹಳೇ ಚಾರ್ಜರುಗಳ ಕೆಳಗೆ ಒಂದು ನೋಟ್‌ಬುಕ್ ಸಿಕ್ಕಿತು. ಡಿಗ್ರಿ ಕೊನೆ ವರ್ಷ ನಾವು ಒಂಬತ್ತು ಜನ ಸೇರಿ ಮಾಡಿದ ಕಿರುಚಿತ್ರದ ನೋಟ್‌ಬುಕ್. ಮೊದಲ ಪುಟಗಳಲ್ಲಿ ಶಾಟ್ ಲಿಸ್ಟು, ಮನುಷ್ಯರಂತೆ ಕಾಣದ ಮನುಷ್ಯರ ಚಿತ್ರಗಳು, ಯಾರದೋ ಫೋನ್ ನಂಬರು. ಕೊನೇ ಪುಟದಲ್ಲಿ ಖರ್ಚಿನ ಲೆಕ್ಕ. ಕ್ಯಾಮೆರಾ ಮತ್ತು ಎರಡು ಲೆನ್ಸ್, ನಾಲ್ಕು ದಿನದ ಬಾಡಿಗೆ 12,000. ರೆಕಾರ್ಡರ್, ಕಾಲರ್ ಮೈಕ್ 3,200. ಓಮ್ನಿ ಮತ್ತು ಪೆಟ್ರೋಲ್ 5,500. ಮೆಮೊರಿ ಕಾರ್ಡ್ 1,400. ಥರ್ಮೋಕೋಲ್ ಶೀಟು 240. ಟೀ, ಬಿಸ್ಕೆಟ್ 1,860. ಮಂಡಗದ್ದೆ ಹೋಟೆಲಿನ ತಿಂಡಿ 640. ಒಟ್ಟು 24,840. ಒಂಬತ್ತರಿಂದ ಭಾಗಿಸಿ ತಲೆಗೆ 2,760 ಅಂತ ಬರೆದು ಎರಡು ಗೆರೆ ಎಳೆದಿದ್ದೇನೆ. ಒಂದು ರೂಪಾಯಿಯೂ ಆಚೀಚೆ ಆಗಿಲ್ಲ.

ನಡುವೆ ಒಂದು ಸಾಲು ಇದೆ. ‘ಊಟ, ವಸತಿ (ದೊಡ್ಡಮ್ಮನ ಮನೆ): 0’. ಸೊನ್ನೆಯ ಒಳಗೆ ಎರಡು ಕಣ್ಣು, ಒಂದು ನಗುವ ಬಾಯಿ ಬರೆದಿದ್ದೇನೆ. ದುಡ್ಡು ಉಳಿಯಿತು ಅನ್ನೋ ಖುಷಿಗೆ.

ಈಗ ನಾನು ಮದುವೆ ವಿಡಿಯೊ ಎಡಿಟ್ ಮಾಡಿ ಬದುಕುತ್ತೇನೆ. ಆಗಾಗ ಕಾಲೇಜಿನ ಹುಡುಗರು ಬರುತ್ತಾರೆ. ‘ಅಣ್ಣ, ಶಾರ್ಟ್ ಫಿಲ್ಮ್ ಮಾಡ್ತಿದೀವಿ, ಏನಾದ್ರೂ ಟಿಪ್ಸ್ ಕೊಡಿ’ ಅನ್ನುತ್ತಾರೆ. ನಾನೂ ದೊಡ್ಡ ಮನುಷ್ಯನ ಹಾಗೆ ಕೂತು ಸೌಂಡಿನ ಬಗ್ಗೆ, ಲೈಟಿನ ಬಗ್ಗೆ ಹೇಳಿ ಕಳಿಸುತ್ತೇನೆ. ಆ ಸೊನ್ನೆ ಕಂಡ ಮೇಲೆ ಯಾಕೋ ಹಾಗೆ ಹೇಳೋಕೆ ನಾಲಿಗೆ ಬರುತ್ತಿಲ್ಲ. ಹೇಳಬೇಕಾದದ್ದನ್ನು ಬಿಟ್ಟು ಬೇರೇನೋ ಹೇಳುತ್ತಿದ್ದೆನಾ ಅಂತ.

ಇರೋದೇ ಎರಡು ಕಥೆ

ಮಲೆನಾಡಿನಲ್ಲಿ ಸ್ಟೂಡೆಂಟ್ಸ್ ಮಾಡುವ ಕಿರುಚಿತ್ರಗಳಿಗೆ ಇರೋದೇ ಎರಡು ಕಥೆ. ಬೆಂಗಳೂರಿನಿಂದ ತೋಟ ಮಾರಲು ಬರುವ ಮಗ, ಇಲ್ಲಾಂದ್ರೆ ಮಳೆಯಲ್ಲಿ ಬಸ್ಸಿಗೆ ಕಾಯುವ ಹುಡುಗಿ. ನಮ್ಮದರಲ್ಲಿ ಎರಡೂ ಇದ್ದವು. ಡಿಸೆಂಬರಿನಲ್ಲಿ ಮಳೆ ಎಲ್ಲಿಂದ ತರ್ತೀಯ ಅಂತ ಯಾರೂ ನನ್ನನ್ನು ಕೇಳಲಿಲ್ಲ. ಹುಡುಗಿ ಒಣ ರಸ್ತೆಯಲ್ಲಿ ಕೊಡೆ ಮಡಚಿ ಹಿಡಿದು ನಿಂತಳು. ಅದು ಸಂಕೇತ ಅಂತ ವೈವಾದಲ್ಲಿ ವಾದಿಸಿದೆ.

ಶೂಟಿಂಗಿಗೂ ಎರಡು ತಿಂಗಳು ಮುಂಚೆ ಮೇಷ್ಟ್ರು ನಮ್ಮನ್ನು ಹೆಗ್ಗೋಡಿಗೆ ಕರೆದುಕೊಂಡು ಹೋಗಿದ್ದರು. ಸಾಗರದ ಪಕ್ಕದ ಆ ಹಳ್ಳಿಯಲ್ಲಿ 1973ರಲ್ಲೇ ನೀನಾಸಂ ಚಿತ್ರಸಮಾಜ ಶುರುವಾಗಿದ್ದು, ಕೆ.ವಿ. ಸುಬ್ಬಣ್ಣ ಹೊರದೇಶದ ಸಿನಿಮಾಗಳನ್ನು ಊರವರಿಗೆ ತೋರಿಸಿದ್ದು, ಅಡಿಕೆ ತೋಟದವರು ಕೂತು ಅವುಗಳ ಬಗ್ಗೆ ಚರ್ಚೆ ಮಾಡಿದ್ದು, ಎಲ್ಲ ಹೇಳಿದರು. ತೀರ್ಥಹಳ್ಳಿ ತಾಲ್ಲೂಕಿನ ಕೆಸಲೂರಿನ ಗಿರೀಶ ಕಾಸರವಳ್ಳಿ ಪುಣೆಯಲ್ಲಿ ವಿದ್ಯಾರ್ಥಿಯಾಗಿದ್ದಾಗ ಮಾಡಿದ ಕಿರುಚಿತ್ರಕ್ಕೇ ರಾಷ್ಟ್ರಪ್ರಶಸ್ತಿ ಬಂದಿತ್ತು ಅಂತಲೂ ಹೇಳಿದರು. ಮೇಷ್ಟ್ರು ಹೇಳಿದ್ದು ನಾವು ಸ್ವಲ್ಪ ನಾಚಿಕೊಳ್ಳಲಿ, ನಾಲ್ಕು ಸಿನಿಮಾ ನೋಡಲಿ ಅಂತ. ನಮಗೆ ಏರಿದ್ದು ಬರೀ ಗಾಳಿ. ವಾಪಸ್ ಬರುವ ಬಸ್ಸಿನಲ್ಲೇ ನಮ್ಮ ಬ್ಯಾನರಿನ ಲೋಗೊ ಹೇಗಿರಬೇಕು ಅನ್ನುವ ಮಾತು ಶುರುವಾಯಿತು. ಕಥೆಗಿಂತ ಮೊದಲು ರೆಡಿಯಾಗಿದ್ದು ಲೋಗೊ.

ನಮ್ಮ ಹಾಸ್ಟೆಲಿನಲ್ಲಿ ಎಲ್ಲರಿಗೂ ಊರಿನ ಹೆಸರೇ ಹೆಸರು. ಕ್ಯಾಮೆರಾ ಹಿಡಿದವನು ಭದ್ರಾವತಿ. ಸೌಂಡ್ ನೋಡಿಕೊಂಡವನು ಶಿಕಾರಿಪುರ. ಹೀರೊ ಹೊಳೆಹೊನ್ನೂರು. ಕಂಟಿನ್ಯೂಟಿ ಬರೆದುಕೊಳ್ಳುವ ಕೆಲಸ ಹೊಸನಗರದವಳದ್ದು. ಯಾವ ಶಾಟಿನಲ್ಲಿ ಲೋಟ ಎಲ್ಲಿತ್ತು, ಅಂಗಿಯ ಗುಂಡಿ ಎಷ್ಟು ಹಾಕಿತ್ತು, ಬಾಗಿಲು ಎಷ್ಟು ತೆರೆದಿತ್ತು ಅಂತ ಗುರುತು ಮಾಡಿಕೊಳ್ಳೋದು. ಮನೆ ಕೊಡಿಸಿದ್ದೂ ಅವಳೇ. ಆಗುಂಬೆ ರಸ್ತೆಯಲ್ಲಿ ಮೇಗರವಳ್ಳಿ ದಾಟಿ ಒಳಗೆ ಹೋದರೆ ಅವಳ ದೊಡ್ಡಮ್ಮನ ಮನೆ. ಹಾಗಾಗಿ ಆ ನಾಲ್ಕು ದಿನ ಅವರು ನಮ್ಮೆಲ್ಲರಿಗೂ ದೊಡ್ಡಮ್ಮ, ಅವರ ಯಜಮಾನರು ದೊಡ್ಡಪ್ಪ.

ಮನೆ ನೋಡಲು ನಾನೂ ಭದ್ರಾವತಿಯೂ ನವೆಂಬರಿನಲ್ಲಿ ಒಂದು ಮಧ್ಯಾಹ್ನ ಬೈಕಿನಲ್ಲಿ ಹೋಗಿದ್ದೆವು. ಹೆಂಚಿನ ಮನೆ, ಉದ್ದ ಜಗಲಿ, ಸಗಣಿ ಸಾರಿಸಿದ ಅಂಗಳ, ಕೆಳಗೆ ತೋಟ. ಸುಮಾರು ಹನ್ನೆರಡೂವರೆ ಇರಬೇಕು, ಜಗಲಿ ತುಂಬ ಬೆಳಕು. ಫೋನಿನಲ್ಲಿ ಐವತ್ತು ಫೋಟೊ ತೆಗೆದುಕೊಂಡು, ದೊಡ್ಡಮ್ಮ ಕೊಟ್ಟ ಕಾಫಿ ಕುಡಿದು ಬಂದೆವು. ಅಲ್ಲಿ ಬೆಳಗ್ಗೆ ಹೇಗಿರುತ್ತದೆ, ಸಂಜೆ ಹೇಗಿರುತ್ತದೆ, ಅಡಿಕೆ ಕೊಯ್ಲಿನ ದಿನ ಹೇಗಿರುತ್ತದೆ ಅಂತ ಕೇಳಲಿಲ್ಲ. ಶೂಟಿಂಗಿಗೆ ಹೋದಾಗ ಗೊತ್ತಾಯಿತು. ಕಣಿವೆಯ ಮನೆ. ಬೆಳಗ್ಗೆ ಒಂಬತ್ತರವರೆಗೆ ಮಂಜು. ಮನೆಯ ಹಿಂದೆ ಪಶ್ಚಿಮಕ್ಕೆ ಗುಡ್ಡ, ಹಾಗಾಗಿ ನಾಲ್ಕು ಗಂಟೆಗೆಲ್ಲ ಅಂಗಳದಿಂದ ಬಿಸಿಲು ಎದ್ದು ಹೋಗುತ್ತದೆ. ಕಾಲ್ ಶೀಟಿನಲ್ಲಿ ನಾನು ಬರೆದಿದ್ದು ಬೆಳಗ್ಗೆ 6ರಿಂದ ಸಂಜೆ 6. ಕೈಗೆ ಸಿಕ್ಕಿದ್ದು ದಿನಕ್ಕೆ ಆರೇಳು ಗಂಟೆ, ಅದರಲ್ಲೂ ಊಟದ ಹೊತ್ತು ಕಳೆದು.

ಹಂಡೆಯ ಹೊಗೆ

ನಾವು ಹೋದಾಗ ಆ ಮನೆಯಲ್ಲಿ ಅಡಿಕೆ ಸುಲಿಗೆ, ಅಂದರೆ ಸಿಪ್ಪೆ ಬಿಡಿಸುವ ಕೆಲಸ, ನಡೆಯುತ್ತಿತ್ತು. ಅಡಿಕೆ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮರ ಹತ್ತುವ ಕೊನೆಗಾರ ಬಂದು ಅಡಿಕೆ ಗೊನೆ ಇಳಿಸಿಕೊಟ್ಟು ಹೋದ ಮೇಲೆ ಮನೆಯವರ ಕೈಯಲ್ಲಿ ಏನೂ ಇರುವುದಿಲ್ಲ, ಆಮೇಲೆ ಅಡಿಕೆ ಹೇಳಿದ ಹಾಗೆ ಅವರು ಕುಣಿಯಬೇಕು. ರಾತ್ರಿ ಜಗಲಿಯಲ್ಲಿ ಆರು ಜನ ಹೆಂಗಸರು ಕಾಲಲ್ಲಿ ಮೆಟ್ಟಿ ಹಿಡಿಯುವ ಮೆಟ್ಟುಗತ್ತಿ ಮುಂದೆ ಕೂತು ಹನ್ನೊಂದು ಗಂಟೆವರೆಗೆ ಸುಲಿಯುತ್ತಿದ್ದರು. ಡಬ್ಬದ ಲೆಕ್ಕದಲ್ಲಿ ಕೂಲಿ. ಬೆಳಗ್ಗೆ ದೊಡ್ಡಪ್ಪ ಅಂಗಳದ ಮೂಲೆಯ ಒಲೆ ಹಚ್ಚಿ, ತಾಮ್ರದ ಹಂಡೆಯಲ್ಲಿ ಅಡಿಕೆಗೆ ಬಣ್ಣ ಕೊಡುವ ಚೊಗರು ಹಾಕಿ, ರಾತ್ರಿ ಸುಲಿದ ಅಡಿಕೆ ಬೇಯಿಸಿ ಒಣಗಲು ಚಪ್ಪರಕ್ಕೆ ಏರಿಸಬೇಕು. ದಿನಾ ಇದೇ. ಅವರ ಕಾಲ್ ಶೀಟು ನಮ್ಮದಕ್ಕಿಂತ ಬಿಗಿ.

ಎರಡನೇ ದಿನ ಬೆಳಗ್ಗೆ ಜಗಲಿ ದೃಶ್ಯ. ಬೆಂಗಳೂರಿನಿಂದ ಬಂದ ಮಗ ಕಾಫಿ ಲೋಟ ಹಿಡಿದು ಅಂಗಳ ನೋಡುತ್ತಾ ಕೂತಿರುತ್ತಾನೆ, ಅಪ್ಪ ಬಂದು ಪಕ್ಕದಲ್ಲಿ ಕೂರುತ್ತಾನೆ. ನಾಲ್ಕು ಮಾತು. ಒಂಬತ್ತೂ ಕಾಲಕ್ಕೆ ಮಂಜು ಎದ್ದಿತು, ವೈಡ್ ಶಾಟ್ ತೆಗೆದೆವು. ತುಂಬ ಚೆನ್ನಾಗಿ ಬಂತು. ಕ್ಲೋಸಪ್ಪಿಗೆ ಲೆನ್ಸ್ ಬದಲಿಸುವ ಹೊತ್ತಿಗೆ ಹೀರೊನ ತಲೆಯ ಹಿಂದೆ ಬಿಳಿ ಹೊಗೆ ಏಳತೊಡಗಿತು. ದೊಡ್ಡಪ್ಪ ಒಲೆ ಹಚ್ಚಿದ್ದರು. ವೈಡಿನಲ್ಲಿ ಹೊಗೆ ಇಲ್ಲ, ಕ್ಲೋಸಪ್ಪಿನಲ್ಲಿ ಇದೆ. ಮ್ಯಾಚ್ ಆಗಲ್ಲ ಅಂತ ಭದ್ರಾವತಿ ಅಂದ. ನಾನು ಹೋಗಿ ಕೇಳಿದೆ. ‘ದೊಡ್ಡಪ್ಪ, ಒಂದರ್ಧ ಗಂಟೆ ಒಲೆ ಆರಿಸ್ತೀರಾ? ಒಂದೇ ಶಾಟು.’

ಅವರು ನನ್ನ ಮುಖ ನೋಡಿದರು. ಆಮೇಲೆ ಹಂಡೆ ನೋಡಿದರು. ‘ಆಯ್ತು ಮಾರಾಯ, ನಿಂದೇ ಮೊದ್ಲು ಆಗ್ಲಿ’ ಅಂದು ಉರಿಯುವ ಕೊಳ್ಳಿಗಳನ್ನು ಒಂದೊಂದಾಗಿ ಹೊರಗೆಳೆದು ನೀರು ಚಿಮುಕಿಸಿದರು. ಚುಂಯ್ ಅಂತ ಇನ್ನೂ ಜಾಸ್ತಿ ಹೊಗೆ ಎದ್ದಿತು. ಅದು ಹೋಗಲಿ ಅಂತ ಕಾಲು ಗಂಟೆ ಕಾದೆವು. ಆ ಕಾಲು ಗಂಟೆ ದೊಡ್ಡಪ್ಪನ ಜೊತೆ ಮಾತಾಡಬೇಕಲ್ಲ ಅಂತ ಹೆಗ್ಗೋಡಿನಲ್ಲಿ ಕೇಳಿದ್ದನ್ನೆಲ್ಲ ಹೇಳಿದೆ, ಇಲ್ಲೇ ಕೆಸಲೂರಿನವರು ಸ್ಟೂಡೆಂಟ್ ಆಗಿದ್ದಾಗಲೇ ನ್ಯಾಷನಲ್ ಅವಾರ್ಡ್ ತಗೊಂಡಿದ್ರು ದೊಡ್ಡಪ್ಪ ಅಂತ. ಅವರು ತಲೆಯಾಡಿಸಿ ಕೇಳಿಕೊಂಡರು. ‘ಅವರೂ ಹಿಂಗೇ ಒಲೆ ಆರಿಸ್ಸಿ ತೆಗೆದ್ರನಾ?’ ಅಂದರು. ತಮಾಷೆ ಅಂದುಕೊಂಡು ನಾವೆಲ್ಲ ನಕ್ಕೆವು. ಅವರೂ ನಕ್ಕರು.

ಅರ್ಧ ಗಂಟೆ ಮುಗಿಯಲಿಲ್ಲ. ಹೊಳೆಹೊನ್ನೂರಿಗೆ ಡೈಲಾಗ್ ಬಾಯಿಗೆ ಬರುತ್ತಿರಲಿಲ್ಲ. ಹದಿನೇಳು ಟೇಕ್ ಆಯಿತು. ಬಿಸಿಲು ಸರಿದು ಜಗಲಿ ಕಂಬದ ನೆರಳು ಅವನ ಮೂಗಿನ ಮೇಲೆ ಬಂತು. ಥರ್ಮೋಕೋಲ್ ಹಿಡಿದು ಬೆಳಕು ತಿರುಗಿಸಿದೆವು, ಅದು ಗಾಳಿಗೆ ನಡುಗಿ ಮುಖದ ಮೇಲೆ ಬೆಳಕು ನೀರಿನ ಹಾಗೆ ಕುಣಿಯಿತು. ಮಧ್ಯಾಹ್ನ ಊಟ. ಆಮೇಲೆ ಬೆಳಕು ಪೂರಾ ಬೇರೆ. ‘ನಾಳೆ ಬೆಳಗ್ಗೆ ಇದನ್ನೇ ಮುಂದುವರಿಸೋಣ’ ಅಂದೆ. ನಾಳೆ ಬೆಳಗ್ಗೆಯೂ ಒಲೆ ಹಚ್ಚಬಾರದು ಅನ್ನೋದು ಆ ಮಾತಿನೊಳಗೇ ಇತ್ತು. ನಾನು ಹೇಳಲಿಲ್ಲ, ಅವರು ಕೇಳಲೂ ಇಲ್ಲ. ಸುಲಿದ ಅಡಿಕೆ ಬುಟ್ಟಿಗಳಲ್ಲಿ ಒದ್ದೆ ಗೋಣಿ ಹೊದ್ದು ಮಾಡಿನ ಕೆಳಗೆ ಕೂತಿತ್ತು. ಮರುದಿನ ಹನ್ನೊಂದು ಗಂಟೆಗೆ ನಾನು ಓಕೆ ಅನ್ನುವವರೆಗೆ.

ಈಗ ಮದುವೆಮನೆಯಲ್ಲಿ ಕೆಲಸ ಮಾಡುವಾಗ ಇದು ಜ್ಞಾಪಕಕ್ಕೆ ಬರುತ್ತದೆ. ಮಾಂಗಲ್ಯಕ್ಕೆ ಒನ್ ಮೋರ್ ಇಲ್ಲ. ಹೋಮದ ಹೊಗೆ ಬಂದರೆ ಬಂತು, ನಾವೇ ಆಚೆ ಹೋಗಿ ನಿಲ್ಲಬೇಕು. ಭಟ್ಟರಿಗೆ ಹೊಗೆ ಕಡಿಮೆ ಮಾಡಿ ಅಂತ ಹೇಳುವ ಧೈರ್ಯ ಯಾವ ಕ್ಯಾಮೆರಾದವನಿಗೂ ಇಲ್ಲ. ಅವತ್ತು ನನಗೆ ಆ ಧೈರ್ಯ ಎಲ್ಲಿಂದ ಬಂತು? ಕಥೆ ನನ್ನದು, ಹಾಗಾಗಿ ಅಂಗಳವೂ ನನ್ನದು ಅಂದುಕೊಂಡಿದ್ದೆ ಅಂತ ಕಾಣುತ್ತದೆ. ಇನ್ನೂ ನಗು ಬರೋದು ಬೇರೆ ವಿಷಯಕ್ಕೆ. ನಮ್ಮ ಕಥೆ ತೋಟದ ಮನೆಯ ಕಥೆ. ಅಡಿಕೆ ಕಾಲದಲ್ಲಿ ತೋಟದ ಮನೆಯ ಅಂಗಳದಲ್ಲಿ ಬೆಳಗ್ಗೆ ಹೊಗೆ ಇರಲೇಬೇಕು. ಹೊಗೆಯಿಲ್ಲದ ಆ ವೈಡ್ ಶಾಟೇ ಸುಳ್ಳು. ಬಿಸಾಕಬೇಕಿದ್ದು ಅದನ್ನು.

ತೆಂಗಿನಕಾಯಿ ತುರಿಯುತ್ತಿದ್ದ ಕಂಟಿನ್ಯೂಟಿ

ಎಡಿಟಿಂಗಿಗೆ ಕೂತಿದ್ದು ಫೆಬ್ರವರಿಯಲ್ಲಿ, ಹಾಸ್ಟೆಲ್ ರೂಮಿನಲ್ಲಿ, ಫ್ಯಾನ್ ತಿರುಗಿಸಿಟ್ಟುಕೊಂಡರೂ ಬಿಸಿಯಾಗಿ ಆರಿಹೋಗುವ ಲ್ಯಾಪ್‌ಟಾಪಿನ ಮುಂದೆ. ಸಿನಿಮಾ ಹಾಳಾಗಿದ್ದು ನಮಗೆ ಗೊತ್ತಾಗಿದ್ದು ಅಲ್ಲೇ.

ಮೊದಲು ರಾತ್ರಿಯ ದೃಶ್ಯಗಳು. ಜಗಲಿಯ ದೀಪ ಬೆಳಗಿದ ಶಾಟುಗಳಲ್ಲೆಲ್ಲ ಮಸುಕು ಪಟ್ಟೆಗಳು ಕೆಳಗಿಂದ ಮೇಲೆ ತೆವಳುತ್ತಿದ್ದವು. ನಮ್ಮ ದೇಶದ ಕರೆಂಟು 50 ಹರ್ಟ್ಸ್, ಅಂದರೆ ದೀಪ ಸೆಕೆಂಡಿಗೆ 100 ಸಲ ಜಾಸ್ತಿ ಕಡಿಮೆ ಆಗುತ್ತಿರುತ್ತದೆ. ಕಣ್ಣಿಗೆ ಕಾಣಲ್ಲ, ಕ್ಯಾಮೆರಾಕ್ಕೆ ಕಾಣುತ್ತದೆ. ಕ್ಯಾಮೆರಾದ ಶಟರ್ ಸ್ಪೀಡು 1/50 ಅಥವಾ 1/100 ಸೆಕೆಂಡ್ ಇಟ್ಟರೆ ತಾಳ ಕೂಡುತ್ತದೆ. ನಮ್ಮದು 1/60ರಲ್ಲಿತ್ತು. ಬಾಡಿಗೆಗೆ ಬಂದಾಗ ಹಾಗೇ ಇತ್ತು, ಯಾರೂ ಮುಟ್ಟಲಿಲ್ಲ. ಒಂದು ಚಕ್ರ ತಿರುಗಿಸಿದ್ದರೆ ಮುಗಿಯುತ್ತಿತ್ತು. ಹುಡುಗರಿಗೆ ನಾನು ಮೊದಲು ಹೇಳುವ ಟಿಪ್ಸು ಇದೇ, ಹೇಳೋಕೂ ಸುಲಭ.

ಎರಡನೇದು, ಜಗಲಿ ದೃಶ್ಯ. ಮಾತಾಡುವ ಇಬ್ಬರ ನಡುವೆ ಒಂದು ಗೆರೆ ಇದೆ ಅಂದುಕೊಂಡು ಕ್ಯಾಮೆರಾ ಆ ಗೆರೆಯ ಒಂದೇ ಪಕ್ಕದಲ್ಲಿರಬೇಕು. ನಾವು ಮರುದಿನ ಇನ್ನೊಂದು ಪಕ್ಕ ಹೋಗಿ ನಿಂತಿದ್ದೆವು. ಅಪ್ಪ ಮಗ ಇಬ್ಬರೂ ಯಾರೋ ಮೂರನೆಯವರ ಕಡೆ ತಿರುಗಿ ಮಾತಾಡುತ್ತಿದ್ದ ಹಾಗೆ ಕಾಣುತ್ತಿತ್ತು. ಅದರ ಜೊತೆಗೆ ಕಂಟಿನ್ಯೂಟಿ. ಒಂದು ಶಾಟಿನಲ್ಲಿ ಚಪ್ಪರದ ತುಂಬ ಕೆಂಪಡಿಕೆ, ಮುಂದಿನದರಲ್ಲಿ ಅರ್ಧ ಖಾಲಿ. ಹೀರೊ ಪಕ್ಕದಲ್ಲಿ ಹಿತ್ತಾಳೆ ಚೊಂಬು ಇದೆ, ಇಲ್ಲ, ಮತ್ತೆ ಇದೆ. ಏನು ಬರೆದಿದೀಯ ನೋಡೋಣ ಅಂತ ಹೊಸನಗರದವಳ ಪುಸ್ತಕ ಇಸಿದುಕೊಂಡು ತೆಗೆದೆ. ಮೊದಲ ದಿನ ಎರಡು ಪುಟ ಅಚ್ಚುಕಟ್ಟಾಗಿ ಇದೆ. ಎರಡನೇ ದಿನ ನಾಲ್ಕು ಸಾಲು. ಮೂರನೇ ದಿನ ಏನೂ ಇಲ್ಲ.

‘ಎಲ್ಲಿ ಹೋಗಿದ್ದೆ ನೀನು?’ ಅಂದೆ. ಡೈರೆಕ್ಟರ್ ಗತ್ತಿನಲ್ಲೇ ಅಂದೆ.

‘ಅಡುಗೆಮನೆಯಲ್ಲಿದ್ದೆ’ ಅಂದಳು. ‘ಒಂಬತ್ತು ಜನ, ಜೊತೆಗೆ ಸುಲಿಯೋರು ಆರು ಜನ, ಮನೆಯವರು ಬೇರೆ. ದೊಡ್ಡಮ್ಮ ಒಬ್ಬರೇ. ನೀನೇ ತಾನೆ ಬಂದು, ಹೋಗೇ ಒಂಚೂರು ಸಹಾಯ ಮಾಡು ಅಂದಿದ್ದು?’

ಹೌದು, ನಾನೇ ಅಂದಿದ್ದೆ. ತಂಡದಲ್ಲಿ ಇಬ್ಬರೇ ಹುಡುಗಿಯರು. ಒಬ್ಬಳು ಕೊಡೆ ಹಿಡಿದು ನಿಂತವಳು, ಅವಳಿಗೆ ಮೇಕಪ್ ಆಗಿತ್ತು. ಉಳಿದವಳನ್ನು ಕಳಿಸಿದೆ. ಶಿಕಾರಿಪುರ ಮರದಡಿ ಹೆಡ್‌ಫೋನ್ ಹಾಕಿಕೊಂಡು ಹಾಡು ಕೇಳುತ್ತಾ ಕೂತಿದ್ದ, ಅವನನ್ನು ಕಳಿಸಬಹುದು ಅಂತ ಹೊಳೆಯಲೇ ಇಲ್ಲ. ನಮ್ಮ ಕಂಟಿನ್ಯೂಟಿ ಒಲೆಯ ಪಕ್ಕ ಕೂತು ತೆಂಗಿನಕಾಯಿ ತುರಿಯುತ್ತಿತ್ತು, ಚಪ್ಪರದ ಅಡಿಕೆ ಖಾಲಿಯಾದದ್ದು ಯಾರಿಗೆ ಗೊತ್ತಾಗಬೇಕು? ಸಿನಿಮಾದಲ್ಲಿ ಚೊಂಬು ಮಾಯವಾಗುವುದನ್ನು ನೋಡಿ ನಗುವವರಿಗೆ ನಾನು ಈ ಕಥೆ ಹೇಳಿದ್ದಿಲ್ಲ.

ಮೂರನೇದು ಸೌಂಡು. ಇದು ಎಲ್ಲಕ್ಕಿಂತ ಕಷ್ಟದ್ದು. ಮಲೆನಾಡಿನಲ್ಲಿ ಸುಮ್ಮನಿರೋದು ಅಂತ ಯಾವುದೂ ಇಲ್ಲ. ಹುಳ, ಹಕ್ಕಿ, ತೋಟದ ನೀರು, ದೂರದ ಪಂಪ್‌ಸೆಟ್ಟು, ಏನೋ ಒಂದು ಇದ್ದೇ ಇರುತ್ತದೆ. ನಮಗೆ ಅದು ಕೇಳುವುದೇ ಇಲ್ಲ. ಆದರೆ ಒಂಬತ್ತೂವರೆಗೆ ತೆಗೆದ ಶಾಟನ್ನೂ ಮೂರು ಗಂಟೆಗೆ ತೆಗೆದ ಶಾಟನ್ನೂ ಅಂಟಿಸಿದರೆ ಕತ್ತರಿ ಹಾಕಿದಲ್ಲೆಲ್ಲ ಆ ಸದ್ದು ಕುಪ್ಪಳಿಸುತ್ತದೆ. ಅಪ್ಪ ಮಾತಾಡಿದರೆ ಹಿಂದೆ ಚಿರ್ರ್, ಮಗ ಮಾತಾಡಿದರೆ ಮೌನ, ಮತ್ತೆ ಅಪ್ಪ, ಮತ್ತೆ ಚಿರ್ರ್. ಇದಕ್ಕೆ ಔಷಧಿ ಎಂದರೆ ಪ್ರತಿ ಜಾಗದಲ್ಲೂ ಶೂಟಿಂಗ್ ಮುಗಿದ ಮೇಲೆ ಯಾರೂ ಉಸಿರೆತ್ತದೆ ಒಂದೆರಡು ನಿಮಿಷ ಆ ಜಾಗದ ಸದ್ದನ್ನು ಹಾಗೇ ಹಿಡಿದಿಟ್ಟುಕೊಳ್ಳುವುದು. ರೂಮ್ ಟೋನ್ ಅನ್ನುತ್ತಾರೆ. ಅದನ್ನು ದೃಶ್ಯದ ಉದ್ದಕ್ಕೂ ಕೆಳಗೆ ಹಾಸಿದರೆ ಹೊಲಿಗೆ ಕಾಣಲ್ಲ. ನಾವು ಹಿಡಿದಿರಲಿಲ್ಲ. ನಾಲ್ಕು ದಿನದಲ್ಲಿ ಎರಡು ನಿಮಿಷ ಸುಮ್ಮನೆ ಕೂತಿರಲಿಲ್ಲ.

ಏಪ್ರಿಲ್‌ನಲ್ಲಿ ಒಬ್ಬನೇ

ಹಾಗಾಗಿ ಏಪ್ರಿಲ್ ಕೊನೆಯಲ್ಲಿ, ಪರೀಕ್ಷೆಗೆ ಮೂರು ವಾರ ಇರುವಾಗ, ರೆಕಾರ್ಡರ್ ಚೀಲಕ್ಕೆ ಹಾಕಿಕೊಂಡು ಒಬ್ಬನೇ ಹೊರಟೆ. ಉಳಿದವರೆಲ್ಲ ಓದುತ್ತಿದ್ದರು, ಅಥವಾ ಹಾಗಂತ ಹೇಳಿದರು. ತೀರ್ಥಹಳ್ಳಿಯಲ್ಲಿ ಬಸ್ ಬದಲಿಸಿ, ಇಳಿದು, ಎರಡು ಕಿಲೋಮೀಟರ್ ನಡೆದು ಬೇಲಿಯ ದಣಪೆ ದಾಟಿದಾಗ ದೊಡ್ಡಮ್ಮ ಅಂಗಳದಲ್ಲಿ ಹಲಸಿನ ಹಪ್ಪಳ ಒಣಗಿಸುತ್ತಿದ್ದರು. ಚಾಪೆ ತುಂಬ ಹಪ್ಪಳ, ಕಾಗೆ ಓಡಿಸಲು ಕೈಯಲ್ಲಿ ಕೋಲು.

‘ಮತ್ತೆ ಶೂಟಿಂಗನಾ?’ ಅಂದರು. ದನಿಯಲ್ಲಿ ಹೆದರಿಕೆ ಇತ್ತಾ, ನನಗೆ ಹಾಗೆ ಕೇಳಿಸಿತಾ, ಗೊತ್ತಿಲ್ಲ.

‘ಇಲ್ಲ ದೊಡ್ಡಮ್ಮ, ಬರೀ ಸದ್ದು ಹಿಡ್ಕೊಂಡು ಹೋಗ್ತೀನಿ.’

‘ಎಂಥದಾ ಸದ್ದು? ಯಾರೂ ಎಂಥದೂ ಮಾತಾಡಲ್ವಲ್ಲ ಇಲ್ಲಿ.’

ಅದೇ ಬೇಕಾಗಿದ್ದು ಅಂತ ವಿವರಿಸಿದೆ. ಜಗಲಿಯಲ್ಲಿ ಕೂತು ರೆಕಾರ್ಡರ್ ಆನ್ ಮಾಡಿದೆ. ಅವರೂ ಬಂದು ಪಕ್ಕದಲ್ಲಿ ಕಂಬಕ್ಕೊರಗಿ ಕೂತರು. ಐದು ನಿಮಿಷ ಮಾತಾಡಬಾರದು ಅಂದಿದ್ದಕ್ಕೆ ಸೆರಗು ಬಾಯಿಗೆ ಹಿಡಿದುಕೊಂಡರು. ಕಾಗೆ ಬಂತು. ಓಡಿಸಲು ಕೋಲು ಎತ್ತಿದವರು ನನ್ನ ಮುಖ ನೋಡಿ ಹಾಗೇ ಇಳಿಸಿದರು. ಕಾಗೆ ಒಂದು ಹಪ್ಪಳ ಕಚ್ಚಿಕೊಂಡು ಹೋಯಿತು. ಇಬ್ಬರೂ ನೋಡುತ್ತಾ ಕೂತೆವು. ತೋಟದಾಚೆ ಕಾಡಿನಲ್ಲಿ ಜೀರುಂಡೆಗಳು ಕಿವಿ ಹರಿಯುವ ಹಾಗೆ ಕೂಗುತ್ತಿದ್ದವು.

ರೆಕಾರ್ಡ್ ಆದದ್ದನ್ನು ಕೇಳಲಿ ಅಂತ ಹೆಡ್‌ಫೋನ್ ಅವರ ತಲೆಗೆ ಹಾಕಿದೆ. ಕಣ್ಣು ಮುಚ್ಚಿ ಕೇಳಿದರು. ತಮ್ಮ ಮನೆಯ ಅಂಗಳ ಹೊಸದಾಗಿ ಕೇಳಿಸಿ ಬೆರಗಾಗುತ್ತಾರೆ ಅಂತ ಕಾಯುತ್ತಿದ್ದೆ. ತೆಗೆದು ಕೊಟ್ಟು, ‘ಬಾವಿ ರಾಟೆಗೆ ಎಣ್ಣೆ ಬಿಡ್ಸಬೇಕು ಮಾರಾಯ’ ಅಂದರು. ಹಿತ್ತಲಲ್ಲಿ ಯಾರೋ ನೀರು ಸೇದುತ್ತಿದ್ದದ್ದು ನನಗೆ ಕೇಳಿಸಿಯೇ ಇರಲಿಲ್ಲ.

ಆಮೇಲೆ ಮಜ್ಜಿಗೆ ಕೊಟ್ಟರು. ಏನೋ ಮಾತಾಡಬೇಕಲ್ಲ ಅಂತ ಈ ವರ್ಷ ಅಡಿಕೆ ಹೇಗೆ ಅಂತ ಕೇಳಿದೆ. ಪರವಾಗಿಲ್ಲ ಅಂದರು. ಕೊಳೆ ರೋಗ ಜಾಸ್ತಿ ಇರಲಿಲ್ಲ, ಎರಡು ಸಲ ಬೋರ್ಡೊ ಔಷಧಿ ಹೊಡೆಸಿದ್ದು ಸಾಕಾಯ್ತು. ‘ನಿಮ್ಮ ಶೂಟಿಂಗಿಂದು ಒಂದು ಹಂಡೆ ಮಾತ್ರ ಬಣ್ಣ ಕೆಟ್ಟೋಯ್ತು ನೋಡು. ಸುಲಿದಿದ್ದು ಹಂಗೇ ಇಡಬಾರ್ದು, ಕಪ್ಪಾಗ್ತದೆ. ರಾಶಿ ಜೊತೆ ಸೇರ್ಸಕ್ಕೆ ಬರ್ಲಿಲ್ಲ. ಬೇರೆ ಚೀಲ ಕಟ್ಟಿ ಮಂಡಿಗೆ ಹಾಕಿದ್ರು.’ ಕೊಳೆಯ ಬಗ್ಗೆ ಹೇಳಿದ ದನಿಯಲ್ಲೇ ಇದನ್ನೂ ಹೇಳಿದರು. ಮಳೆ, ರೋಗ, ಮಂಗ, ಹುಡುಗರ ಶೂಟಿಂಗು.

ಎಷ್ಟು ಲುಕ್ಸಾನಾಯಿತು ಅಂತ ಕೇಳಿದೆ. ‘ಅದನ್ನೆಲ್ಲ ಯಾರು ಲೆಕ್ಕ ಇಡ್ತಾರಾ’ ಅಂದರು. ಇದು ಸುಳ್ಳು. ಆ ಮನೆಯಲ್ಲಿ ಡಬ್ಬಕ್ಕೆ ಡಬ್ಬ ಲೆಕ್ಕ ಇಡುತ್ತಾರೆ, ಹೆಬ್ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ಗೀಟು ಹಾಕಿದ್ದನ್ನು ನಾನೇ ಶಾಟ್ ತೆಗೆದಿದ್ದೆ. ಆರ್ಟಿಸ್ಟಿಕ್ ಆಗಿದೆ ಅಂತ. ಇನ್ನೊಂದು ಸಲ ಕೇಳಿದೆ. ಅವರು ಎದ್ದು ಹಪ್ಪಳ ಮಗುಚಲು ಹೋದರು.

ನೋಟ್‌ಬುಕ್ ಸಿಕ್ಕ ದಿನ ಪೆನ್ನು ತಗೊಂಡು ಆ ಸೊನ್ನೆ ಹೊಡೆದು ಸರಿಯಾದ ಸಂಖ್ಯೆ ಬರೆಯೋಣ ಅಂತ ಕೂತೆ. ಒಂಬತ್ತು ಜನ, ನಾಲ್ಕು ದಿನ, ದಿನಕ್ಕೆ ತಿಂಡಿ ಎರಡು ಊಟ. ಅದಿಷ್ಟು ಸುಲಭ. ಒಂದು ಹಂಡೆ ಅಡಿಕೆಯಲ್ಲಿ ಒಣಗಿದ್ದು ಎಷ್ಟು ಕೆಜಿ ಬರುತ್ತದೆ, ಕೆಟ್ಟ ಬಣ್ಣಕ್ಕೆ ಕ್ವಿಂಟಾಲಿಗೆ ಎಷ್ಟು ಮುರಿದರು, ನಮಗಾಗಿ ಜಗಲಿ ಖಾಲಿ ಮಾಡಿಕೊಟ್ಟು ಸುಲಿಯುವ ಹೆಂಗಸರು ಕೊಟ್ಟಿಗೆ ಪಕ್ಕ ಕೂತ ರಾತ್ರಿ ಎಷ್ಟು ಡಬ್ಬ ಕಮ್ಮಿ ಸುಲಿದರು. ಡಬ್ಬ ಕಮ್ಮಿಯಾದರೆ ಅವರ ಕೂಲಿಯೂ ಕಮ್ಮಿ. ಅವರ ಹೆಸರೂ ನಾನು ಕೇಳಿರಲಿಲ್ಲ. ಪೆನ್ನು ಮುಚ್ಚಿಟ್ಟೆ.

ಪೆನ್‌ಡ್ರೈವ್

ಸಿನಿಮಾ ಕಾಲೇಜಿನಲ್ಲಿ ತೋರಿಸಿದೆವು. ಹನ್ನೊಂದು ನಿಮಿಷ. ಚಪ್ಪಾಳೆ ಬಂತು, ಕಾಲೇಜಿನಲ್ಲಿ ಎಲ್ಲದಕ್ಕೂ ಬರುತ್ತದೆ. ಮಾರ್ಕ್ಸೂ ಬಂತು. ಏಪ್ರಿಲ್‌ನ ಜೀರುಂಡೆಯನ್ನು ಡಿಸೆಂಬರಿನ ಜಗಲಿಯ ಕೆಳಗೆ ಹಾಸಿದ್ದು ಯಾರಿಗೂ ಗೊತ್ತಾಗಲಿಲ್ಲ. ‘ಸೌಂಡ್ ಡಿಸೈನ್ ಚೆನ್ನಾಗಿದೆ’ ಅಂತ ಹೊರಗಿನಿಂದ ಬಂದ ಒಬ್ಬರು ಹೇಳಿದರು. ನಾನೂ ಶಿಕಾರಿಪುರವೂ ಒಬ್ಬರ ಮುಖ ಒಬ್ಬರು ನೋಡಿಕೊಳ್ಳಲಿಲ್ಲ.

ಜೂನಿನಲ್ಲಿ, ಮಳೆ ಹಿಡಿದ ಮೇಲೆ, ಪೆನ್‌ಡ್ರೈವ್ ತಗೊಂಡು ಹೊಸನಗರದವಳೂ ನಾನೂ ಮೇಗರವಳ್ಳಿಗೆ ಹೋದೆವು. ದೊಡ್ಡಮ್ಮ ಸುಲಿಯುವ ಹೆಂಗಸರಲ್ಲಿ ಇಬ್ಬರಿಗೆ ಹೇಳಿಕಳಿಸಿದ್ದರು. ಕೊಡೆ ಜಗಲಿಯಲ್ಲಿ ಬಿಚ್ಚಿಟ್ಟು ಬಂದು ಟೀವಿ ಮುಂದೆ ಕೂತರು. ಕೆಲಸದ ಹುಡುಗ ಬಾಗಿಲಲ್ಲಿ ನಿಂತ. ದೊಡ್ಡಪ್ಪ ಕನ್ನಡಕ ಒರೆಸಿಕೊಂಡರು.

ಕಥೆಯನ್ನು ಯಾರೂ ನೋಡಲಿಲ್ಲ. ಹೀರೊನ ದುಃಖದ ಕ್ಲೋಸಪ್ಪಿನಲ್ಲಿ ‘ಹಿಂದೆ ಗಂಗೆ ಬಂತು ನೋಡು’ ಅಂತ ಹಸು ತೋರಿಸಿ ಖುಷಿಪಟ್ಟರು. ಅದು ಸತ್ತು ಎರಡು ತಿಂಗಳಾಗಿತ್ತಂತೆ, ವಾಪಸ್ ಹಾಕಿ ಇನ್ನೊಂದು ಸಲ ನೋಡಿದರು. ಚೊಂಬು ಮಾಯವಾದದ್ದನ್ನು ಮೂರು ಜನ ಒಟ್ಟಿಗೆ ಹಿಡಿದರು. ಆಮೇಲೆ ಹೊಳೆಹೊನ್ನೂರು ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿಯುವ ದೃಶ್ಯ ಬಂತು. ಅಪ್ಪನ ಬದುಕು ಮಗನಿಗೆ ಅರ್ಥವಾಗುವ ಜಾಗ, ಹಿಂದೆ ಕೊಳಲು ಹಾಕಿದ್ದೆವು. ಅವನು ಎರಡು ಬೆರಳಲ್ಲಿ ಅಡಿಕೆ ಹಿಡಿದು ತೆಂಗಿನಕಾಯಿ ಒಡೆಯುವವನ ಹಾಗೆ ಕತ್ತಿಗೆ ಕುಟ್ಟುತ್ತಿದ್ದ. ಇಬ್ಬರು ಹೆಂಗಸರೂ ಬಿದ್ದು ಬಿದ್ದು ನಕ್ಕರು. ‘ಈ ಹುಡುಗ ಹಿಂಗೆ ಸುಲಿದ್ರೆ ಒಂದು ಡಬ್ಬ ಆಗಕ್ಕೆ ಯುಗಾದಿ ಬರ್ತದೆ’ ಅಂದಳು ಒಬ್ಬಳು. ಶೂಟಿಂಗ್ ದಿನ ಅವಳು ಅಲ್ಲೇ ಮೂರು ಮಾರು ದೂರದಲ್ಲಿ ಕೂತಿದ್ದಳು. ಅವಳನ್ನು ಕರೆದು ‘ಹೇಗೆ ಹಿಡಿಯೋದು ತೋರ್ಸಿ’ ಅಂದಿದ್ದರೆ ಎರಡು ನಿಮಿಷದ ಕೆಲಸ. ಆವತ್ತು ನಾನು ಅವಳಿಗೆ ಹೇಳಿದ್ದು ಒಂದೇ ಮಾತು, ಫ್ರೇಮಿನಲ್ಲಿ ಬರ್ತೀರಿ, ಸ್ವಲ್ಪ ಆಚೆ ಹೋಗಿ.

ಜಗಲಿ ದೃಶ್ಯ ಬಂದಾಗ ದೊಡ್ಡಮ್ಮ ತಲೆ ಓರೆ ಮಾಡಿ ಕಿವಿಗೊಟ್ಟರು.

‘ಇದು ಬೇಸಿಗೆ ಜೀರುಂಡೆ ಅಲ್ದನಾ? ಸುಲಿಗೆ ಟೈಮಿಗೆ ಇದೆಲ್ಲಿ ಬಂತು?’

ಹೌದು ದೊಡ್ಡಮ್ಮ, ನೀವೇ ಪಕ್ಕದಲ್ಲಿ ಕೂತಿದ್ರಲ್ಲ, ಅವತ್ತಿಂದೇ ಅಂದೆ. ‘ಹಂಗಾರೆ ಕಾಗೆನೂ ಇರ್ಬೇಕು’ ಅಂದು ಇನ್ನೂ ಹತ್ತಿರ ಬಗ್ಗಿದರು. ಕಾಗೆಯನ್ನು ನಾನು ಕತ್ತರಿಸಿದ್ದೆ.

ಒಂಬತ್ತನೇ ನಿಮಿಷಕ್ಕೋ ಏನೋ ಕರೆಂಟ್ ಹೋಯಿತು. ಹೊರಗೆ ಮಳೆ ಜೋರಾಗಿತ್ತು, ಇನ್ನು ಇವತ್ತು ಬರಲ್ಲ ಅಂತ ದೊಡ್ಡಪ್ಪ ಎದ್ದು ದೀಪ ತರಲು ಹೋದರು. ನನಗೆ ಒಳಗೊಳಗೇ ಸಮಾಧಾನ. ಕೊನೆಯಲ್ಲಿ ಬರುವ ಧನ್ಯವಾದದ ಪಟ್ಟಿಯಲ್ಲಿ ಪ್ರಿನ್ಸಿಪಾಲರಿದ್ದರು, ಕ್ಯಾಮೆರಾ ಬಾಡಿಗೆ ಕೊಟ್ಟವನಿದ್ದ, ಡ್ರೋನ್ ಕೊಡ್ತೀನಿ ಅಂತ ಹೇಳಿ ಕೊಡದೇ ಇದ್ದವನೂ ಇದ್ದ. ಈ ಮನೆಯವರು ‘ಮತ್ತು ಗ್ರಾಮಸ್ಥರು’ ಅನ್ನುವ ಎರಡು ಪದದೊಳಗೆ ಇದ್ದರು.

ದೀಪದ ಬೆಳಕಿನಲ್ಲಿ ಕಾಫಿ ಬಂತು. ಸುಲಿಯುವವಳು ಕೇಳಿದಳು, ‘ಮತ್ತೆ ಕಡೆಗೆ ಎಂಥ ಆಯ್ತು? ತೋಟ ಮಾರಿದ್ನಾ?’

‘ಅದು ಗೊತ್ತಾಗಲ್ಲ. ಅವನು ದಾರಿಯಲ್ಲಿ ನಡ್ಕೊಂಡು ಹೋಗ್ತಾ ಇರ್ತಾನೆ, ಅಲ್ಲಿಗೆ ಮುಗಿಯುತ್ತೆ. ನೋಡೋರೇ ಅಂದ್ಕೋಬೇಕು’ ಅಂದೆ.

ದೊಡ್ಡಪ್ಪ ಸ್ವಲ್ಪ ಹೊತ್ತು ಯೋಚನೆ ಮಾಡಿದರು. ನಿಜವಾಗಲೂ ಯೋಚನೆ ಮಾಡಿದರು, ಲೋಟ ಕೆಳಗಿಟ್ಟು.

‘ಈಗ ರೇಟ್ ಇದೆ’ ಅಂದರು. ‘ಒಂದೆರಡು ವರ್ಷ ತಡಿ ಅನ್ನು ಅವನಿಗೆ.’